ನಿಮ್ಮ ನಿರ್ವಾಹಕರನ್ನು ಸಂಪರ್ಕಿಸಿ

ಚಾಮರಾಜಪೇಟೆಯ ‘ಹಳೆ ನಂಬರು–ಹೊಸ ನಂಬರು ದೃಢೀಕರಣ ಉಪ ಕಚೇರಿ’ಗೆ ಬಸ್ ಕಂಡಕ್ಟರ್ ಮುನಿಸ್ವಾಮಿಯವರನ್ನು ನಿಯೋಜನೆಯ ಮೇಲೆ ಕಳಿಸಿದ್ದು ಯಾವ ರಾಜಕಾರಣಿಯ ಶಿಫಾರಸಿನಿಂದಲೂ ಅಲ್ಲ, ಒಂದು ಕಂಪ್ಯೂಟರಿನ ಲಿಖಿತ ಕೋರಿಕೆಯ ಮೇರೆಗೆ. ಕೋರಿಕೆ ಕನ್ನಡದಲ್ಲಿತ್ತು. ಎರಡೇ ವಾಕ್ಯ, ಒಂದೂ ಕಾಗುಣಿತದ ತಪ್ಪಿಲ್ಲ. ಇಷ್ಟು ಅಚ್ಚುಕಟ್ಟಾದ ಪತ್ರ ಈ ಕಚೇರಿಗೆ ಬಂದು ಬಹಳ ವರ್ಷಗಳಾದವು ಎಂದು ಪ್ರಥಮ ದರ್ಜೆ ಸಹಾಯಕಿ ಚೂಡಾಮಣಿಯವರು ಕಡತದಲ್ಲೇ ಟಿಪ್ಪಣಿ ಬರೆದಿದ್ದಾರೆ.

ಹಳೆಯ ಬಡಾವಣೆಗಳ ಮನೆಗಳಿಗೆ ಎರಡೆರಡು ನಂಬರುಗಳಿರುವುದು ಎಲ್ಲರಿಗೂ ಗೊತ್ತು. ಗೇಟಿನ ಮೇಲೆ ‘ಹಳೆ ನಂ. 41, ಹೊಸ ನಂ. 17’ ಎಂದು ಬರೆದಿರುತ್ತದೆ. ಎರಡೂ ಒಂದೇ ಮನೆ ಎಂಬುದು ಅಂಚೆಯವನಿಗೆ, ಹಾಲಿನವನಿಗೆ, ಕಡೆಗೆ ಬೀದಿಯ ನಾಯಿಗಳಿಗೂ ತಿಳಿದಿರುತ್ತದೆ. ಆದರೆ ಬೇರೆ ಬೇರೆ ಇಲಾಖೆಗಳಿಗೆ ತಿಳಿದಿರುವುದಿಲ್ಲ. ಅವುಗಳಿಗೆ ತಿಳಿಸಲೆಂದು ಒಂದು ಪತ್ರ ಬೇಕಾಗುತ್ತದೆ. ಆ ಪತ್ರವನ್ನು ಕೊಡುವುದೇ ಈ ಉಪ ಕಚೇರಿಯ ಏಕೈಕ ಕೆಲಸ. ಒಂದು ಹಳೇ ಬಂಗಲೆ, ಎಂಟು ಕುರ್ಚಿ, ಒಂದು ಕಂಪ್ಯೂಟರು, ಒಂದು ಮುದ್ರಕ, ಇವೆಲ್ಲದರ ಮೇಲೆ ಸಹಾಯಕ ನಿರ್ದೇಶಕರಾದ ದೊರೆಸ್ವಾಮಿಯವರು.

ರಾಜ್ಯೋತ್ಸವದ ತಿಂಗಳಲ್ಲಿ ದೊರೆಸ್ವಾಮಿಯವರು ಕಚೇರಿಯ ಕಂಪ್ಯೂಟರಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ, ಅದಕ್ಕೊಂದು ಹಾರ ಹಾಕಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಇದರ ಪರಿಣಾಮವನ್ನು ಯಾರೂ ಯೋಚಿಸಿರಲಿಲ್ಲ. ಅಲ್ಲಿಯವರೆಗೆ ಕಂಪ್ಯೂಟರು ಕೆಟ್ಟಾಗಲೆಲ್ಲ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು, ಕಚೇರಿಯವರು ಅದನ್ನು ಆರಿಸಿ ಮತ್ತೆ ಹಾಕುತ್ತಿದ್ದರು. ಕನ್ನಡದಲ್ಲಿ ಹೇಳಿದ ಮೇಲೆ ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ, ಅರ್ಥವಾದ ಮೇಲೆ ಕ್ರಮ ಕೈಗೊಳ್ಳದೆ ಇರುವ ಹಾಗಿಲ್ಲ. ಜನವರಿಯ ಒಂದು ಸೋಮವಾರ ಚೂಡಾಮಣಿಯವರು ದೃಢೀಕರಣ ಪತ್ರದ ತಂತ್ರಾಂಶವನ್ನು ತೆರೆಯಲು ಹೋದಾಗ ಪರದೆಯ ಮೇಲೆ ಹೀಗೆ ಬಂತು:

‘ಈ ಕಾರ್ಯಕ್ಕೆ ನಿಮಗೆ ಅನುಮತಿ ಇಲ್ಲ. ನಿಮ್ಮ ನಿರ್ವಾಹಕರನ್ನು ಸಂಪರ್ಕಿಸಿ.’

ಚೂಡಾಮಣಿಯವರು ಅದನ್ನು ಒಂದು ಹಾಳೆಯ ಮೇಲೆ ನಕಲು ಮಾಡಿ, ಒಳಬರುವ ಪತ್ರಗಳ ವಹಿಯಲ್ಲಿ ನಮೂದಿಸಿ, ನಂಬರು ಕೊಟ್ಟು, ‘ರವಾನಿಸಿದವರು: ಕಂಪ್ಯೂಟರು’ ಎಂದು ಬರೆದು, ಸಾಹೇಬರ ಮುಂದೆ ಮಂಡಿಸಿದರು.

“ನಿರ್ವಾಹಕರು ಅಂದ್ರೆ ಯಾರ್ರೀ?” ಎಂದರು ದೊರೆಸ್ವಾಮಿ.

“ಕಂಡಕ್ಟರ್ ಸಾರ್. ಬಸ್ಸಲ್ಲಿ ಬರ್ದಿರತ್ತಲ್ಲ, ಚಾಲಕರು, ನಿರ್ವಾಹಕರು ಅಂತ.”

“ನಮ್ಮಲ್ಲಿ ಕಂಡಕ್ಟರ್ ಪೋಸ್ಟ್ ಇದ್ಯಾ?”

“ಮಂಜೂರಾಗಿಲ್ಲ ಸಾರ್.”

“ಕಂಪ್ಯೂಟರು ‘ನಿಮ್ಮ ನಿರ್ವಾಹಕರು’ ಅಂತ ಕೇಳ್ತಿದೆ. ಅಂದ್ರೆ ನಮಗೆ ಒಬ್ರು ಇರಬೇಕಿತ್ತು ಅಂತಾಯ್ತು. ಇಷ್ಟು ವರ್ಷ ಇಲ್ದೇ ಹೇಗೆ ನಡೆಸಿದ್ರಿ ಅಂತ ನಾಳೆ ಆಡಿಟ್‌ನೋರು ಕೇಳಿದ್ರೆ ಏನ್ ಹೇಳೋಣ?”

ಅಂದೇ ಮಧ್ಯಾಹ್ನ ಬಸ್ ಸಂಸ್ಥೆಗೆ ಪತ್ರ ಹೋಯಿತು. ‘ಸದರಿ ಕಂಪ್ಯೂಟರು ತನ್ನ ನಿರ್ವಾಹಕರನ್ನು ಸಂಪರ್ಕಿಸುವಂತೆ ಈ ಕಚೇರಿಗೆ ಸೂಚಿಸಿದ್ದು, ಈ ಕಚೇರಿಯಲ್ಲಿ ನಿರ್ವಾಹಕ ವೃಂದದ ಸಿಬ್ಬಂದಿ ಯಾರೂ ಇಲ್ಲದ ಕಾರಣ, ಸೇವಾನುಭವವುಳ್ಳ ಒಬ್ಬರು ನಿರ್ವಾಹಕರನ್ನು ತುರ್ತಾಗಿ ನಿಯೋಜಿಸಿಕೊಡಬೇಕಾಗಿ ಕೋರಲಾಗಿದೆ. ನಿರ್ವಾಹಕರು ಪುರುಷರಿರಬೇಕೋ ಮಹಿಳೆಯಿರಬೇಕೋ ಎಂಬುದನ್ನು ಕಂಪ್ಯೂಟರು ಸ್ಪಷ್ಟಪಡಿಸಿರುವುದಿಲ್ಲ.’

ಪತ್ರ ಮುನಿಸ್ವಾಮಿಯವರ ಡಿಪೋಗೆ ಬಂದದ್ದು ಅವರ ಪುಣ್ಯ. ಅವರಿಗೆ ಐವತ್ತನಾಲ್ಕು ವರ್ಷ, ಮನೆ ಗವಿಪುರ ಗುಟ್ಟಹಳ್ಳಿಯಲ್ಲಿ. ಇಪ್ಪತ್ತೇಳು ವರ್ಷದಿಂದ ಕಲಾಸಿಪಾಳ್ಯದ ಕಡೆಯ ಬಸ್ಸುಗಳಲ್ಲಿ ನಿಂತೇ ಬಾಳಿದವರು. ಬಸ್ಸಿನಲ್ಲಿ ಕಂಡಕ್ಟರಿಗೂ ಒಂದು ಸೀಟಿದೆ ಎಂಬುದನ್ನು ಅವರು ಬಲ್ಲರು. ಆದರೆ ಅದರಲ್ಲಿ ಯಾವಾಗಲೂ ಒಬ್ಬ ಬಸುರಿಯೋ ಒಬ್ಬರು ವಯಸ್ಸಾದವರೋ ಕೂತಿರುತ್ತಿದ್ದರು, ಅವರಿಬ್ಬರೂ ಇಲ್ಲದ ದಿನ ಯಾರದೋ ಹೂಕೋಸಿನ ಮೂಟೆ ಕೂತಿರುತ್ತಿತ್ತು. ಹೀಗಾಗಿ ಅವರ ಎರಡು ಮೊಣಕಾಲೂ ಕೈಕೊಟ್ಟಿದ್ದವು. ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು.

ಆ ಚೀಟಿ ಹಿಡಿದು ಮುನಿಸ್ವಾಮಿ ಕೂತು ಮಾಡುವ ಕೆಲಸಕ್ಕೆ ಅರ್ಜಿ ಹಾಕಿದ್ದರು. ಅರ್ಜಿ ಪರಿಶೀಲನಾ ಸಮಿತಿ ಮೂರನೇ ಮಹಡಿಯಲ್ಲಿ ಕೂರುತ್ತಿತ್ತು, ಲಿಫ್ಟ್ ಕೆಟ್ಟಿತ್ತು. ಕಂಬಿ ಹಿಡಿದು ಮೆಟ್ಟಿಲು ಹತ್ತಿಹೋದರು. ‘ಅರ್ಜಿದಾರರು ಮೂರು ಮಹಡಿಗಳನ್ನು ಸ್ವಂತ ಕಾಲಿನಲ್ಲಿ ಏರಿ ಬಂದಿರುವುದರಿಂದ ಸದರಿಯವರ ಮೊಣಕಾಲುಗಳು ಸುಸ್ಥಿತಿಯಲ್ಲಿರುವುದು ಖುದ್ದಾಗಿ ಕಂಡುಬಂದಿರುತ್ತದೆ’ ಎಂದು ಸಮಿತಿ ಅರ್ಜಿಯನ್ನು ವಜಾ ಮಾಡಿತು. ಮರುವರ್ಷ ಮತ್ತೆ ಅರ್ಜಿ ಹಾಕಿದಾಗ ಕೆಳಗೇ ನಿಂತು, ಹತ್ತಲಾರೆ ಎಂದು ಹೇಳಿಕಳಿಸಿದರು. ಸಮಿತಿ ಅವರನ್ನು ಗೈರುಹಾಜರೆಂದು ದಾಖಲಿಸಿತು. ಆಮೇಲೆ ಮುನಿಸ್ವಾಮಿ ಯಾರನ್ನೂ ಏನೂ ಕೇಳಲಿಲ್ಲ. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು. ಅಷ್ಟರೊಳಗೆ ಒಂದು ಕುರ್ಚಿ ಸಿಕ್ಕರೆ ಸಾಕು, ಅದಕ್ಕಿಂತ ದೊಡ್ಡ ಆಸೆ ಅವರಿಗೆ ಇರಲಿಲ್ಲ.

ಖಾಕಿ ಬಟ್ಟೆ ಇಸ್ತ್ರಿ ಮಾಡಿಸಿಕೊಂಡು, ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು, ಮುನಿಸ್ವಾಮಿ ಚಾಮರಾಜಪೇಟೆಯ ಕಚೇರಿಗೆ ಹಾಜರಾದರು. ಅದೇ ತಿಂಗಳು ಒಬ್ಬ ಗುಮಾಸ್ತರು ನಿವೃತ್ತರಾಗಿದ್ದರಿಂದ ಎಂಟು ಕುರ್ಚಿಯಲ್ಲಿ ಒಂದು ಖಾಲಿಯಿತ್ತು.

“ಕೂತ್ಕೊಳ್ಳಿ” ಎಂದರು ಚೂಡಾಮಣಿ.

ಮುನಿಸ್ವಾಮಿ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

“ನಿಮಗೇ ಹೇಳಿದ್ದು. ಕೂತ್ಕೊಳ್ಳಿ ಮುನಿಸ್ವಾಮಿಯವ್ರೇ.”

ಅವರು ಕೂತರು. ಕರ್ತವ್ಯದ ಹೊತ್ತಿನಲ್ಲಿ, ಸಮವಸ್ತ್ರದಲ್ಲಿ, ಒಬ್ಬ ಅಧಿಕಾರಿಯ ಎದುರಿಗೆ ಕೂತದ್ದು ಅದೇ ಮೊದಲು. ಮೊಣಕಾಲಿನ ನೋವು ಒಂದೇ ಸಲ ಇಳಿಯಿತು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಸ್ವಲ್ಪ ಹೊತ್ತು ಎದುರಿಗಿದ್ದ ಕಂಪ್ಯೂಟರೂ ಕಾಣಿಸಲಿಲ್ಲ. ಕಂಡ ಮೇಲೆ ಅವರೊಳಗಿನ ಪ್ರಾಮಾಣಿಕ ಮನುಷ್ಯ ಎದ್ದು ಕೂತ.

“ಮೇಡಂ, ನಂಗೆ ಕಂಪ್ಯೂಟರ್ ಬರಲ್ಲ. ಮೊದ್ಲೇ ಹೇಳ್ಬಿಡ್ತೀನಿ.”

“ಬರಬೇಕು ಅಂತ ಅದೆಲ್ಲಿ ಹೇಳಿದೆ? ಸಂಪರ್ಕಿಸಿ ಅಂದಿದೆ. ಸಂಪರ್ಕಿಸಿದ್ದೀವಿ” ಎಂದು ಚೂಡಾಮಣಿಯವರು ಗಡಿಯಾರ ನೋಡಿ ಕಡತದಲ್ಲಿ ಬರೆದುಕೊಂಡರು: ‘ಬೆಳಿಗ್ಗೆ 11.20ಕ್ಕೆ ನಿರ್ವಾಹಕರನ್ನು ಸಂಪರ್ಕಿಸಲಾಯಿತು.’

ಪರದೆಯ ಮೇಲಿನ ಸಂದೇಶ ಹೋಗಲಿಲ್ಲ. ದೊರೆಸ್ವಾಮಿಯವರು ಬಂದು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಎಷ್ಟು ಹೊತ್ತು ಸಂಪರ್ಕಿಸಬೇಕು ಅಂತ ಬರ್ದಿಲ್ಲ. ಅದು ಹೋಗೋವರ್ಗೂ ನೀವು ಸಂಪರ್ಕದಲ್ಲೇ ಇರಿ. ಹತ್ತರಿಂದ ಐದೂವರೆ.”

ಹೀಗೆ ಮುನಿಸ್ವಾಮಿಯವರ ಹೊಸ ಸೇವೆ ಆರಂಭವಾಯಿತು. ಅವರು ಪರದೆಯ ಎದುರು ಕೂರುತ್ತಿದ್ದರು. ಪರದೆ ಅವರನ್ನು ಸಂಪರ್ಕಿಸಿ ಎನ್ನುತ್ತಿತ್ತು, ಅವರು ಎದುರಿಗೇ ಇರುತ್ತಿದ್ದರು. ಇಬ್ಬರಲ್ಲಿ ಯಾರಿಗೂ ಇನ್ನೊಬ್ಬರ ಮೇಲೆ ದೂರಿರಲಿಲ್ಲ. ಸಂಜೆ ಮನೆಗೆ ಹೋದರೆ ಹೆಂಡತಿ ಎಣ್ಣೆಯ ಬಟ್ಟಲು ತಂದು, ಇವತ್ತೂ ನೋವಿಲ್ಲವೇ ಎಂದು ಕೇಳಿ, ಬಟ್ಟಲನ್ನು ಹಾಗೇ ಒಳಗಿಡುತ್ತಿದ್ದಳು.

ಆದರೆ ಸುಮ್ಮನೆ ಕೂರುವುದು ಅಭ್ಯಾಸವಿಲ್ಲದ ಜೀವ. ಹೊರಗೆ ಜಗಲಿಯಲ್ಲಿ ದಿನವೂ ಐವತ್ತು ಅರವತ್ತು ಜನ. ಕಂಪ್ಯೂಟರು ನಿಂತಿದ್ದರಿಂದ ಯಾರಿಗೂ ಪತ್ರ ಸಿಗುತ್ತಿರಲಿಲ್ಲ, ಎಲ್ಲರೂ ಕೂಗಾಡುತ್ತಿದ್ದರು. ನಾಲ್ಕನೆಯ ದಿನ ಮುನಿಸ್ವಾಮಿ ಹಳೇ ಫಾರಂಗಳನ್ನು ಅಳತೆಯಾಗಿ ಹರಿದು, ಚೀಟಿಗಳ ಕಟ್ಟು ಮಾಡಿ, ಕೂತಲ್ಲಿಂದಲೇ ಕಿಟಕಿಯಾಚೆಗೆ ಒಂದೊಂದೇ ಕೊಡತೊಡಗಿದರು. ನಂಬರು, ತಾರೀಖು, ಒಂದು ಸಹಿ.

“ಇದ್ಯಾತಕ್ಕಪ್ಪಾ?” ಎಂದು ಶಂಕರಪುರದ ಅಜ್ಜಿಯೊಬ್ಬರು ಕೇಳಿದರು.

“ಇಟ್ಕೊಂಡಿರಿ ಅಮ್ಮಾ. ಚೆಕಿಂಗ್ ಬಂದ್ರೆ ತೋರಿಸ್ಬೇಕಾಗತ್ತೆ.”

ಅಜ್ಜಿ ಚೀಟಿಯನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ತೃಪ್ತಿಯಿಂದ ಮನೆಗೆ ಹೋದರು. ಎಲ್ಲರೂ ಹಾಗೇ ಮಾಡಿದರು. ಪತ್ರ ಸಿಗದಿದ್ದರೂ ಕೈಯಲ್ಲಿ ಏನೋ ಒಂದು ಕಾಗದ ಸಿಕ್ಕಿತ್ತಲ್ಲ. ಚೀಟಿ ಆಯಾ ದಿನಕ್ಕೆ ಮಾತ್ರ ಸಿಂಧುವಾಗಿದ್ದರಿಂದ ಮರುದಿನ ಮತ್ತೆ ಬಂದು ಹೊಸದನ್ನು ಪಡೆಯುತ್ತಿದ್ದರು. ಒಂದೇ ತಿಂಗಳಲ್ಲಿ ದೂರುಗಳು ಮುಕ್ಕಾಲು ಪಾಲು ಇಳಿದವು. ಕಂಪ್ಯೂಟರು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಇಷ್ಟು ಒಳ್ಳೆಯ ಹೆಸರು ಈ ಕಚೇರಿಗೆ ಇರಲಿಲ್ಲ ಎಂದು ಮೇಲಿನ ಕಚೇರಿಯಿಂದ ಪ್ರಶಂಸಾ ಪತ್ರ ಬಂತು.

ಎಲ್ಲ ಚೆನ್ನಾಗಿ ನಡೆದಿರುವಾಗ ಎನ್.ಆರ್. ಕಾಲೋನಿಯ ಯಶಶ್ರೀ ಎಂಬಾಕೆ ಬಂದಳು. ತಾಯಿಯ ಮನೆಯ ಪತ್ರಕ್ಕಾಗಿ ಹನ್ನೊಂದು ಚೀಟಿ ಪಡೆದಿದ್ದವಳು. ಹನ್ನೆರಡನೆಯದನ್ನು ತೆಗೆದುಕೊಳ್ಳುವಾಗ ಕಿಟಕಿಯಿಂದ ಪರದೆಯನ್ನು ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದಳು.

“ಅಂಕಲ್, ಅದು ಬಸ್ ಕಂಡಕ್ಟರ್ ಅಲ್ಲ. ಕಂಪ್ಯೂಟರಿನ ಅಡ್ಮಿನ್‌ಗೆ ಕನ್ನಡದಲ್ಲಿ ಹಾಗೆ ಬರ್ದಿದಾರೆ ಅಷ್ಟೆ. ಪಾಸ್‌ವರ್ಡ್ ಯಾರ ಹತ್ರ ಇದೆಯೋ ಅವರು. ಕಂಪ್ಯೂಟರ್ ತಂದುಕೊಟ್ಟೋರಿಗೆ ಒಂದು ಫೋನ್ ಮಾಡಿದ್ರೆ ಹತ್ತು ನಿಮಿಷದ ಕೆಲ್ಸ.”

ಮುನಿಸ್ವಾಮಿಯವರ ಮುಖ ಇಳಿದುಹೋಯಿತು. ಹತ್ತು ನಿಮಿಷ. ಅದಾದ ಹನ್ನೊಂದನೇ ನಿಮಿಷಕ್ಕೆ ಕುರ್ಚಿ ಹೋಗುತ್ತದೆ, ನಾಳೆ ಬೆಳಿಗ್ಗೆ ಮತ್ತೆ ಕಲಾಸಿಪಾಳ್ಯ. ಈ ಹುಡುಗಿ ಇನ್ನೊಂದು ಕಚೇರಿಗೆ ಹೋಗಿ ನಗಬಾರದಿತ್ತೇ ಎನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅವಳ ಕೈಯಲ್ಲಿದ್ದ ಹನ್ನೆರಡು ಚೀಟಿಯ ಮೇಲೂ ಅವರದೇ ಸಹಿ ಇತ್ತು.

“ಸಾಹೇಬ್ರಿಗೆ ಹೇಳಮ್ಮಾ” ಎಂದರು.

ಯಶಶ್ರೀ ಒಳಗೆ ಹೋಗಿ ಹೇಳಿದಳು. ದೊರೆಸ್ವಾಮಿಯವರು ಪೂರ್ತಿ ಕೇಳಿಸಿಕೊಂಡರು.

“ನೀವು ನಿರ್ವಾಹಕರಾ?”

“ಅಲ್ಲ ಸಾರ್, ಆದ್ರೆ...”

“ಹಾಗಾದ್ರೆ ಕಂಪ್ಯೂಟರು ನಿಮ್ಮನ್ನ ಸಂಪರ್ಕಿಸೋಕೆ ಹೇಳಿಲ್ಲ. ಹೊರಗೆ ಚೀಟಿ ತಗೊಂಡಿದ್ದೀರಿ ತಾನೇ? ಸರಿ, ಹೋಗಿಬನ್ನಿ.”

ಅಂದು ಮುನಿಸ್ವಾಮಿಯವರಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಡಬ್ಬಿ ಮುಚ್ಚಿಟ್ಟು, ಮೂರು ಗಂಟೆಗೆ ಚೂಡಾಮಣಿಯವರ ಮೇಜಿನ ಹತ್ತಿರ ಹೋದರು.

“ಮೇಡಂ, ಆ ಹುಡುಗಿ ಹೇಳಿದ್ದು ನಿಜ ಇರಬಹುದು. ಒಂದು ಫೋನ್ ಮಾಡಿ ನೋಡಿ. ನನ್ನ ಕಾಲಿನ ಪಾಡು ನಂಗಿರಲಿ, ಜನ ದಿನಾ ಬಂದು ಹೋಗ್ತಿದಾರೆ.”

ಚೂಡಾಮಣಿಯವರು ಪೆನ್ನು ಕೆಳಗಿಟ್ಟರು.

“ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಹದಿನೈದನೇ ದಿನಕ್ಕೇ ಗೊತ್ತಾಯ್ತು. ನಮ್ಮ ಯಜಮಾನ್ರು ಹೇಳಿದ್ರು. ಈಗ ಫೋನ್ ಮಾಡಿ ಸರಿಯಾಗ್ಬಿಟ್ರೆ, ಎರಡು ತಿಂಗಳು ಬಸ್ ಕಂಡಕ್ಟರ್‌ನ ಯಾಕೆ ಕೂರಿಸಿದ್ರಿ ಅಂತ ಕೇಳ್ತಾರೆ. ಸಹಿ ನಂದು, ಸಾಹೇಬ್ರದು. ನೀವೂ ಹಾಜರಿ ಹಾಕಿದ್ದೀರಿ. ಸರಿಹೋಗದಿದ್ರೆ ಯಾರೂ ಕೇಳಲ್ಲ.”

“ಹಾಗಾದ್ರೆ ಏನ್ ಮಾಡ್ಲಿ ಮೇಡಂ?”

“ಕೂತ್ಕೊಳ್ಳಿ.”

ಮುನಿಸ್ವಾಮಿ ಹೋಗಿ ಕೂತರು. ಮನಸ್ಸು ಭಾರವಾಗಿತ್ತು, ಕಾಲು ಹಗುರವಾಗಿತ್ತು. ಎರಡರಲ್ಲಿ ಯಾವುದಾದರೊಂದು ಹಗುರವಿದ್ದರೆ ದಿನ ಕಳೆಯಬಹುದು ಎಂದು ಅವರು ಸಮಾಧಾನ ಮಾಡಿಕೊಂಡರು.

ಇಲ್ಲಿ ದೊರೆಸ್ವಾಮಿಯವರ ಒಂದು ಚಿಕ್ಕ ಆಸೆಯನ್ನು ಹೇಳಬೇಕು. ಸಿಬ್ಬಂದಿಯ ಸಂಖ್ಯೆ ಒಂಬತ್ತು ಮುಟ್ಟಿದರೆ ‘ಉಪ ಕಚೇರಿ’ ಎಂಬುದರ ‘ಉಪ’ ಹೋಗಿ ಬರೀ ‘ಕಚೇರಿ’ ಆಗುತ್ತದೆ ಎಂದು ನಿಯಮವಿತ್ತು. ಆಗ ಸಹಾಯಕ ನಿರ್ದೇಶಕರ ‘ಸಹಾಯಕ’ವೂ ಹೋಗುತ್ತದೆ. ಅವರಿಗೆ ಕಾರು ಬರುತ್ತದೆ. ನಿವೃತ್ತರಾದ ಗುಮಾಸ್ತರ ಜಾಗಕ್ಕೆ ಕಂಡಕ್ಟರು ಬಂದಿದ್ದರಿಂದ ಈಗ ಮತ್ತೆ ಎಂಟು ಜನರಾಗಿದ್ದರು. ಇನ್ನೊಬ್ಬರು ಬೇಕಿತ್ತು. ಯಾವ ನೆಪದಲ್ಲಿ ಕೇಳುವುದೆಂದು ದೊರೆಸ್ವಾಮಿಯವರು ತಲೆ ಕೆಡಿಸಿಕೊಂಡಿದ್ದಾಗಲೇ, ಚೂಡಾಮಣಿಯವರು ಮುನಿಸ್ವಾಮಿಯವರ ಹಾಜರಾತಿಯ ವರದಿಯನ್ನು ಮುದ್ರಿಸಲು ಹೋದರು. ಪರದೆಯ ಮೂಲೆಯಲ್ಲಿ ಹೊಸ ಸಂದೇಶ ಬಂತು:

‘ಮುದ್ರಕದ ಚಾಲಕ ಕಂಡುಬಂದಿಲ್ಲ. ಚಾಲಕವನ್ನು ನವೀಕರಿಸಿ.’

ದೊರೆಸ್ವಾಮಿಯವರು ಪರದೆಗೆ ಕೈ ಮುಗಿದರು. ಅಂದೇ ಬಸ್ ಸಂಸ್ಥೆಗೆ ಎರಡನೆಯ ಪತ್ರ ಹೋಯಿತು. ಒಬ್ಬ ಚಾಲಕರು ಬೇಕು, ಪರವಾನಗಿ ಇತ್ತೀಚೆಗಷ್ಟೇ ನವೀಕರಣಗೊಂಡಿರಬೇಕು. ವಾರದೊಳಗೆ ಮುರುಗೇಶ ಬಂದ. ಮುನಿಸ್ವಾಮಿಯವರ ಡಿಪೋದವನೇ. ಅವನ ಲೈಸೆನ್ಸ್ ಹಿಂದಿನ ಶುಕ್ರವಾರ ನವೀಕರಣವಾಗಿತ್ತು.

“ಏನಣ್ಣಾ, ಇಲ್ಲಿ ಸೇರ್ಕೊಂಬಿಟ್ಟಿದ್ದೀಯಾ! ನಾನು ಏನು ಓಡಿಸ್ಬೇಕು?”

“ಪ್ರಿಂಟರ್” ಎಂದರು ಮುನಿಸ್ವಾಮಿ.

ಮುರುಗೇಶ ಪ್ರಿಂಟರಿನ ಸುತ್ತ ಒಂದು ಸುತ್ತು ಬಂದು, ತಟ್ಟಿ ನೋಡಿ, “ಕ್ಲಚ್ ಇಲ್ಲ, ಆರಾಮ” ಎಂದ. ಆಮೇಲೆ ಕೂರಲು ಜಾಗ ಹುಡುಕಿದ. ಕುರ್ಚಿಗಳು ಎಂಟೇ, ಜನ ಒಂಬತ್ತು. ಹೊಸ ಕುರ್ಚಿಗೆ ಬೇಡಿಕೆ ಸಲ್ಲಿಸಿದರೆ ಬರುವುದು ಮುಂದಿನ ಆರ್ಥಿಕ ವರ್ಷಕ್ಕೆ. ಮುನಿಸ್ವಾಮಿ ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ಸ್ವಲ್ಪ ಸರಿಸಿಕೊಂಡರು.

ಯಾರು ಕೂರಬೇಕು ಎಂಬುದನ್ನು ದೊರೆಸ್ವಾಮಿಯವರು ತಾವಾಗಿ ತೀರ್ಮಾನಿಸಲಿಲ್ಲ. ನಿರ್ದೇಶಕರಾಗುವ ಹೊತ್ತಿನಲ್ಲಿ ಯಾರೂ ಯಾವುದನ್ನೂ ತಾವಾಗಿ ತೀರ್ಮಾನಿಸುವುದಿಲ್ಲ. ಮೇಲಿನ ಕಚೇರಿಗೆ ಬರೆದು ಸ್ಪಷ್ಟೀಕರಣ ಕೇಳಿದರು. ಒಂಬತ್ತು ಹೆಸರಿನ ಪಟ್ಟಿಯನ್ನು ಪರಿಶೀಲಿಸಿದ ಮೇಲಿನ ಕಚೇರಿ, ಕಚೇರಿಯನ್ನು ಮೇಲ್ದರ್ಜೆಗೆ ಏರಿಸಿ, ಜೊತೆಗೊಂದು ಸುತ್ತೋಲೆಯನ್ನೂ ಕಳಿಸಿತು:

‘ಚಾಲಕರು ಹಾಗೂ ನಿರ್ವಾಹಕರು ಇಬ್ಬರೂ ಏಕಕಾಲಕ್ಕೆ ಕರ್ತವ್ಯದಲ್ಲಿರುವ ಸ್ಥಳವನ್ನು ವಾಹನವೆಂದು ಪರಿಗಣಿಸತಕ್ಕದ್ದು. ಸದರಿ ವಾಹನವು ಚಲಿಸದಿರುವ ಬಗ್ಗೆ ಪ್ರತ್ಯೇಕ ವರದಿಯ ಅಗತ್ಯವಿರುವುದಿಲ್ಲ. ಅರ್ಜಿದಾರರು ಇನ್ನು ಮುಂದೆ ಪ್ರಯಾಣಿಕರು. ಮುಂಬಾಗಿಲನ್ನು ಮಹಿಳೆಯರಿಗೂ ಹಿತ್ತಿಲ ಬಾಗಿಲನ್ನು ಪುರುಷರಿಗೂ ಮೀಸಲಿಡುವುದು. ಚಾಲಕರಿಗೆ ಆಸನ ಕಡ್ಡಾಯ. ನಿರ್ವಾಹಕರ ಆಸನದ ಬಗ್ಗೆ ಅನುಭವವುಳ್ಳ ನಿರ್ವಾಹಕರೊಬ್ಬರ ಅಭಿಪ್ರಾಯ ಪಡೆದು, ಅದರಂತೆ ಕ್ರಮ ಕೈಗೊಳ್ಳುವುದು.’

ಅನುಭವವುಳ್ಳ ನಿರ್ವಾಹಕರು ಕಚೇರಿಯಲ್ಲಿ ಒಬ್ಬರೇ ಇದ್ದರು. ಎಲ್ಲ ಸಿಬ್ಬಂದಿಯ ಸಮಕ್ಷಮದಲ್ಲಿ ಅವರನ್ನು ಕರೆಸಲಾಯಿತು. ಚೂಡಾಮಣಿಯವರು ಪೆನ್ನು ಹಿಡಿದು ಕೂತರು.

“ಮುನಿಸ್ವಾಮಿಯವ್ರೇ, ಪ್ರಯಾಣಿಕರು ನಿಂತಿರುವಾಗ ನಿರ್ವಾಹಕರು ಕೂರಬಹುದಾ?” ಎಂದು ದೊರೆಸ್ವಾಮಿ ಕೇಳಿದರು.

ಮುನಿಸ್ವಾಮಿ ಕಿಟಕಿಯಾಚೆ ನೋಡಿದರು. ಜಗಲಿಯ ತುಂಬ ಜನ ನಿಂತಿದ್ದರು. ಕೂರಬಹುದು ಎಂದುಬಿಟ್ಟರೆ ಯಾರೂ ಪ್ರಶ್ನಿಸುವವರಿರಲಿಲ್ಲ. ನಿಯಮ ಗೊತ್ತಿದ್ದದ್ದು ಅವರೊಬ್ಬರಿಗೇ. ಚೂಡಾಮಣಿಯವರು ತಲೆ ಎತ್ತದೆ, ಸಣ್ಣಗೆ ಕೆಮ್ಮಿದರು. ಹೂಂ ಅನ್ನಿ ಎಂಬ ಕೆಮ್ಮು ಅದು. ಮುನಿಸ್ವಾಮಿಯವರ ಬಾಯಲ್ಲಿ ಹೂಂ ಬಂದೇಬಿಟ್ಟಿತ್ತು. ಆದರೆ ಇಪ್ಪತ್ತೇಳು ವರ್ಷದಲ್ಲಿ ಅವರು ಒಂದೂ ಸುಳ್ಳು ಟಿಕೆಟ್ ಹರಿದವರಲ್ಲ.

“ಇಲ್ಲ ಸಾರ್. ಜನ ನಿಂತಿದ್ರೆ ಕಂಡಕ್ಟರ್ ಕೂರೋ ಹಾಗಿಲ್ಲ.”

“ಭೇಷ್!” ಎಂದರು ದೊರೆಸ್ವಾಮಿ. “ಇಂಥ ಪ್ರಾಮಾಣಿಕರು ಇರೋದ್ರಿಂದಲೇ ವ್ಯವಸ್ಥೆ ನಡೀತಿದೆ. ಬರ್ಕೊಳ್ಳಿ ಚೂಡಾಮಣಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವುದರೊಳಗೆ ಮುರುಗೇಶ ಕುರ್ಚಿಯನ್ನು ಪ್ರಿಂಟರಿನ ಮುಂದಕ್ಕೆ ಎಳೆದುಕೊಂಡಿದ್ದ. “ಬೇಜಾರ್ ಮಾಡ್ಕೋಬೇಡಣ್ಣಾ, ರೂಲ್ಸು” ಎಂದ. ಮುನಿಸ್ವಾಮಿಯವರಿಗೆ ಬೇಜಾರಲ್ಲ, ಅಳುವೇ ಬಂದಿತ್ತು. ಅದನ್ನು ನುಂಗಿಕೊಂಡು ಚೀಲ ಹೆಗಲಿಗೇರಿಸಿಕೊಂಡರು.

ಈಗ ಆ ಕಚೇರಿ ಬಹಳ ಶಿಸ್ತಿನಿಂದ ನಡೆಯುತ್ತಿದೆ. ನಿರ್ದೇಶಕ ದೊರೆಸ್ವಾಮಿಯವರು ಕಾರಿನಲ್ಲಿ ಬರುತ್ತಾರೆ. ಯಶಶ್ರೀ ವಾರಕ್ಕೊಮ್ಮೆ ಬಂದು, ಮುಂಬಾಗಿಲಿನಿಂದ ಹತ್ತಿ, ಚೀಟಿ ತೆಗೆದುಕೊಂಡು ಹೋಗುತ್ತಾಳೆ. ಗಂಡಸರು ಹಿತ್ತಿಲ ಬಾಗಿಲಿನಿಂದ ಹತ್ತುತ್ತಾರೆ. ಬಂಗಲೆ ಒಂದು ಅಂಗುಲವೂ ಕದಲುವುದಿಲ್ಲ ಎಂದು ಯಾರೂ ಆಕ್ಷೇಪಿಸಿಲ್ಲ. ಬೆಳಗಿನ ಹೊತ್ತು ಹೊರಗಿನ ರಸ್ತೆಯಲ್ಲಿ ನಿಂತ ವಾಹನಗಳೂ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಮುನಿಸ್ವಾಮಿಯವರ ಹುದ್ದೆಯನ್ನು ಖಾಯಂಗೊಳಿಸಿ ಆದೇಶವೂ ಆಗಿದೆ, ಹೀಗಾಗಿ ಡಿಪೋಗೆ ಮರಳುವ ಪ್ರಶ್ನೆಯಿಲ್ಲ. ಮೇಲಿನ ಕಚೇರಿಯವರು ತಪ್ಪದೆ ಚೆಕಿಂಗಿಗೆ ಬರುತ್ತಾರೆ.

ಮೊನ್ನೆ ಅಂಥ ಒಂದು ಚೆಕಿಂಗಿನ ದಿನ, ಜನ ಕಿಕ್ಕಿರಿದು ನಿಂತಿದ್ದಾಗ, ಶಂಕರಪುರದ ಅಜ್ಜಿ ಒಳಗೆ ಬಂದು ಮುನಿಸ್ವಾಮಿಯವರ ಪಕ್ಕದಲ್ಲಿ ನಿಂತರು. ಅವರ ಬೆವರಿದ ಮುಖ ನೋಡಿ ಕನಿಕರದಿಂದ ಕೇಳಿದರು.

“ನೀನೆಲ್ಲಿ ಇಳೀತೀಯಪ್ಪಾ?”

“ಅರವತ್ತಕ್ಕೆ ಇಳೀತೀನಿ ಅಮ್ಮಾ. ಇನ್ನೂ ಆರು ವರ್ಷ ಇದೆ.”

“ದೂರ ಇದೆ ಪಾಪ” ಎಂದರು ಅಜ್ಜಿ. “ಹಾಗಾದ್ರೆ ಸ್ವಲ್ಪ ಸರ್ಕೋ. ನಾನು ಇಲ್ಲೇ ಇಳೀಬೇಕು.”

ಮುನಿಸ್ವಾಮಿ ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿ, ಸರಿದು ನಿಂತು, ಸೀಟಿ ಊದಿದರು. ಮುರುಗೇಶ ಕುರ್ಚಿಯಲ್ಲಿ ಕೂತಲ್ಲೇ ಕಾಲಿನಿಂದ ಬ್ರೇಕ್ ಒತ್ತಿದ. ಅಜ್ಜಿ ಹುಷಾರಾಗಿ ಇಳಿದು ಹೋದರು.